ಹುಬ್ಬಳ್ಳಿ-ಧಾರವಾಡಕ್ಕೆ ಅರೇನಾ ಬಂದರೆ ಸಂಗೀತ ಕಾರ್ಯಕ್ರಮಗಳು ಹೆಚ್ಚುತ್ತವೆಯೇ? ಪದೇ ಪದೇ ಕೇಳುವ ಪ್ರಶ್ನೆಗಳು

ಚುಟುಕಾಗಿ ಹೇಳಿ: ಹೆಚ್ಚುತ್ತವೆಯೋ ಇಲ್ಲವೋ?

ಸ್ವಲ್ಪ ಹೆಚ್ಚುತ್ತವೆ. ಆದರೆ ಅರೇನಾ, ಅಂದರೆ ಸಾವಿರಾರು ಮಂದಿ ಹಿಡಿಸುವ ಮುಚ್ಚಿದ ಸಭಾಂಗಣ, ಎದ್ದು ನಿಂತ ಮರುವರ್ಷವೇ ದೊಡ್ಡ ದೊಡ್ಡ ಹೆಸರುಗಳು ಸಾಲುಗಟ್ಟಿ ಬರುತ್ತವೆ ಎಂದು ಎಣಿಸಿದರೆ ನಿರಾಸೆ ಖಂಡಿತ. ಕಟ್ಟಡ ಕಾರ್ಯಕ್ರಮದ ಖರ್ಚು ಇಳಿಸುತ್ತದೆ, ಮಳೆ-ಗಾಳಿಯ ಭಯ ತೆಗೆಯುತ್ತದೆ, ಧ್ವನಿವರ್ಧಕಕ್ಕಿರುವ ರಾತ್ರಿ 10ರ ಗಡುವನ್ನು ಸಡಿಲಿಸುತ್ತದೆ. ಟಿಕೆಟ್ ಕೊಳ್ಳುವ ಕೇಳುಗರನ್ನು ಹುಟ್ಟಿಸುವ ಶಕ್ತಿ ಮಾತ್ರ ಅದಕ್ಕಿಲ್ಲ. ಅವಳಿ ನಗರದಲ್ಲಿ ಕೇಳುವ ಮಂದಿಗೆ ಬರವಿಲ್ಲ, ದುಡ್ಡು ಕೊಟ್ಟು ಕೇಳುವ ರೂಢಿ ಕಡಿಮೆ. ಕಟ್ಟಡದ ಮಾತಿಗಿಂತ ಮೊದಲು ಆ ರೂಢಿಯ ಮಾತು ಆಗಬೇಕು.

ಈಗಿರುವ ಸಭಾಂಗಣ, ಮೈದಾನಗಳು ಸಾಲದೇ?

ಹುಬ್ಬಳ್ಳಿಯ ಸವಾಯಿ ಗಂಧರ್ವ ಸಭಾಭವನ, ಧಾರವಾಡದ ಸೃಜನಾ ರಂಗಮಂದಿರ, ಆಲೂರು ವೆಂಕಟರಾವ್ ಸಭಾಭವನ ಇವೆಲ್ಲ ನೂರಾರು ಮಂದಿ ಕೂತು ಕೇಳುವ ಸಭೆಗೆ ತಕ್ಕವು. ಅದಕ್ಕಿಂತ ದೊಡ್ಡದು ಬೇಕೆಂದರೆ ನೆಹರು ಮೈದಾನದಂಥ ಬಯಲೇ ಗತಿ. ನಡುವಿನ ಅಳತೆ, ಅಂದರೆ 1,500ರಿಂದ 5,000 ಮಂದಿಯ ಸುಸಜ್ಜಿತ ಒಳಾಂಗಣದ ಕೊರತೆ ನಮ್ಮಲ್ಲಿದೆ. ಸಿನಿಮಾ ಗಾಯಕರು, ಬ್ಯಾಂಡ್‌ಗಳು, ಹಾಸ್ಯ ಕಲಾವಿದರು ಟಿಕೆಟ್ ಇಟ್ಟು ಊರೂರು ತಿರುಗುವುದು ಬಹುಪಾಲು ಈ ಅಳತೆಯಲ್ಲೇ.

ಬಯಲಿನ ಇನ್ನೊಂದು ತೊಂದರೆ ಹವೆ. ಏಪ್ರಿಲ್-ಮೇಯಲ್ಲಿ ಸಂಜೆಯ ಅಡ್ಡಮಳೆ ಗಾಳಿಯನ್ನೂ ಕರೆದುಕೊಂಡೇ ಬರುತ್ತದೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಧಾರವಾಡದ ಮಳೆ ಹಿಡಿದರೆ ಬಿಡುವುದಿಲ್ಲ. ಅಕ್ಟೋಬರ್ ಹೇಳಲಾಗದು. ಬಯಲಿಗೆ ಉಳಿಯುವುದು ನವೆಂಬರ್‌ನಿಂದ ಮಾರ್ಚ್. ಅದರಲ್ಲೂ ಫೆಬ್ರುವರಿ ನಡುವಿನಿಂದ ಪಿಯುಸಿ, ಎಸ್‌ಎಸ್‌ಎಲ್‌ಸಿ ಪರೀಕ್ಷೆಯ ಬಿಸಿ. ಲೆಕ್ಕ ಹಾಕಿದರೆ ವರ್ಷಕ್ಕೆ ಮೂರೂವರೆ ತಿಂಗಳು. ಮುಚ್ಚಿದ ಅರೇನಾದ ನಿಜವಾದ ದೊಡ್ಡ ಲಾಭ ಇಲ್ಲಿದೆ: ಏಪ್ರಿಲ್‌ನಿಂದ ಅಕ್ಟೋಬರ್ ತನಕದ ಏಳು ತಿಂಗಳು ಕಾರ್ಯಕ್ರಮಕ್ಕೆ ತೆರೆಯುತ್ತವೆ.

ಪುಣೆಯಿಂದ ಬೆಂಗಳೂರಿಗೆ ಹೋಗುವ ಲಾರಿಗಳು ನಮ್ಮ ಬೈಪಾಸ್ ಮೇಲೆಯೇ ಹಾಯುತ್ತವೆ. ಆ ಕಾರ್ಯಕ್ರಮಗಳು ಇಲ್ಲಿ ಯಾಕೆ ಇಳಿಯುವುದಿಲ್ಲ?

ನಕ್ಷೆಯ ಮೇಲೆ ಹುಬ್ಬಳ್ಳಿಗಿರುವಷ್ಟು ಅನುಕೂಲ ಕರ್ನಾಟಕದ ಬೇರೆ ಊರಿಗೆ ಕಡಿಮೆ. ಪುಣೆಯೂ ಬೆಂಗಳೂರೂ ರಸ್ತೆಯಲ್ಲಿ ಹತ್ತಿರ ಹತ್ತಿರ 400 ಕಿ.ಮೀ. ಗೋವಾ ಅರ್ಧ ದಿನದ ಹಾದಿ. ಏರ್‌ಬಸ್ ಇಳಿಯುವ ವಿಮಾನ ನಿಲ್ದಾಣವಿದೆ. 2023ರ ಜೂನ್‌ನಿಂದ ಬೆಂಗಳೂರು-ಧಾರವಾಡ ವಂದೇ ಭಾರತ್ ರೈಲೂ ಇದೆ.

ಆದರೆ ಪ್ರವಾಸದ ದಿನಗಳು ಬೇರೆ ಲೆಕ್ಕದಲ್ಲಿ ಕೂಡುತ್ತವೆ. ಶನಿವಾರ ಪುಣೆಯಲ್ಲಿ ಕಾರ್ಯಕ್ರಮ ಮುಗಿದು, ಸಾಮಾನು ಬಿಚ್ಚಿ ಲಾರಿಗೆ ತುಂಬುವಾಗ ಬೆಳಗಿನ ಜಾವ 3 ಗಂಟೆ. ಸಾಮಾನು ಹೊತ್ತ 32 ಅಡಿಯ ಕಂಟೇನರ್ ಲಾರಿ 430 ಕಿ.ಮೀ. ಬರಲು 9ರಿಂದ 11 ಗಂಟೆ ಬೇಕು. ಭಾನುವಾರ ಮಧ್ಯಾಹ್ನ ಹುಬ್ಬಳ್ಳಿ ಮುಟ್ಟಿದರೆ ಅಂದೇ ಸಂಜೆ ಕಾರ್ಯಕ್ರಮ ಏಳಿಸಲು ಆಗದು. ಹಾಗಾಗಿ ನಮಗೆ ಸಿಗುವುದು ವಾರದ ನಡುವಿನ ದಿನ, ಮಂಗಳವಾರವೋ ಬುಧವಾರವೋ. ಶನಿವಾರದ 4,000 ಮಂದಿ ಮಂಗಳವಾರ ಬರುತ್ತಾರೆಯೇ ಎಂಬುದಕ್ಕೆ ಆಯೋಜಕರ ಹತ್ತಿರ ಉತ್ತರವಿಲ್ಲ. ಉತ್ತರವಿಲ್ಲದ ಕಡೆ ಅವರು ದುಡ್ಡು ಹಾಕುವುದಿಲ್ಲ.

ಒಪ್ಪಂದದ ಒಂದು ಕಲಮನ್ನೂ ಲೆಕ್ಕಕ್ಕೆ ಹಿಡಿಯಬೇಕು. ದೊಡ್ಡ ಊರಿನ ಆಯೋಜಕ ಕಲಾವಿದರಿಗೆ ಸಂಭಾವನೆ ಕೊಡುವಾಗ, ನನ್ನ ಕಾರ್ಯಕ್ರಮದ ಹಿಂದೆ ಮುಂದೆ ಇಷ್ಟು ದಿನ, ಇಷ್ಟು ದೂರದೊಳಗೆ ಬೇರೆಡೆ ಹಾಡಕೂಡದು ಎಂದು ಬರೆಸಿಕೊಳ್ಳುವುದುಂಟು. ಬೆಂಗಳೂರಿನವರು ಇಡೀ ಕರ್ನಾಟಕ ಎಂದು ಬರೆಸಿದರೆ ನಮ್ಮ ಅರೇನಾ ಎಷ್ಟೇ ಚಂದವಿದ್ದರೂ ಆ ಸುತ್ತಿನಲ್ಲಿ ಬಾಗಿಲು ಮುಚ್ಚಿದಂತೆಯೇ.

ಅರೇನಾ ಇಲ್ಲದೆ ದೊಡ್ಡ ಕಾರ್ಯಕ್ರಮ ಕಂಡ ಊರುಗಳಿವೆಯೇ?

ಭಾರತದಲ್ಲಿ ಬಹುಪಾಲು ಹಾಗೆಯೇ ನಡೆದಿದೆ. ಇಂಗ್ಲೆಂಡಿನ ಗಾಯಕ ಎಡ್ ಶೀರನ್ 2025ರಲ್ಲಿ ಪುಣೆ, ಹೈದರಾಬಾದ್, ಚೆನ್ನೈ, ಬೆಂಗಳೂರು, ಶಿಲ್ಲಾಂಗ್, ದೆಹಲಿ ಸೀಮೆ ಎಂದು ಆರು ಕಡೆ ಹಾಡಿದರು. ಒಂದೂ ಮುಚ್ಚಿದ ಅರೇನಾ ಅಲ್ಲ, ಎಲ್ಲ ಮೈದಾನ ಇಲ್ಲವೇ ಕ್ರೀಡಾಂಗಣ. ಅದೇ ಜನವರಿಯಲ್ಲಿ ಕೋಲ್ಡ್‌ಪ್ಲೇ ತಂಡ ನವಿ ಮುಂಬೈ, ಅಹಮದಾಬಾದ್‌ಗಳ ಕ್ರಿಕೆಟ್ ಕ್ರೀಡಾಂಗಣಗಳಲ್ಲಿ ನುಡಿಸಿತು. ಶಿಲ್ಲಾಂಗ್ ನಮ್ಮ ಅವಳಿ ನಗರಕ್ಕಿಂತ ಚಿಕ್ಕದು. ಅಲ್ಲಿಗೆ ಕಾರ್ಯಕ್ರಮ ಬರಲು ಕಾರಣ ಹಲವು ದಶಕಗಳಿಂದ ಬೆಳೆದ ರಾಕ್ ಸಂಗೀತದ ಗುಂಗು ಮತ್ತು ಕಾರ್ಯಕ್ರಮಗಳ ಬೆನ್ನಿಗೆ ನಿಂತ ರಾಜ್ಯ ಸರ್ಕಾರ.

ನಮಗೆ ಇನ್ನೂ ಹತ್ತಿರದ ಉದಾಹರಣೆ ಪುಣೆಯ ಸವಾಯಿ ಗಂಧರ್ವ ಉತ್ಸವ. ಕುಂದಗೋಳದ ಸವಾಯಿ ಗಂಧರ್ವರ ನೆನಪಿಗೆ, ಗದಗ ಸೀಮೆಯ ಭೀಮಸೇನ ಜೋಶಿಯವರು 1953ರಲ್ಲಿ ಶುರು ಮಾಡಿದ್ದು. ಡಿಸೆಂಬರ್ ಚಳಿಯಲ್ಲಿ, ಪೆಂಡಾಲ್ ಕೆಳಗೆ, ಸಾವಿರಾರು ಮಂದಿ ಟಿಕೆಟ್ ಕೊಂಡು ದಿನಗಟ್ಟಲೆ ಕೂತು ಕೇಳುತ್ತಾರೆ. ನಮ್ಮ ನೆಲದ ಗಾಯಕರ ಹೆಸರಿನಲ್ಲಿ, ನಮ್ಮ ನೆಲದ ಗಾಯಕರೇ ಕಟ್ಟಿದ ಆ ಕೇಳುಗ ಸಮುದಾಯಕ್ಕೆ ಎಪ್ಪತ್ತು ವರ್ಷ ದಾಟಿದೆ. ಅರೇನಾಕ್ಕೆ ಹಣ ಕೇಳುವವರು ಒಮ್ಮೆ ಆ ಪೆಂಡಾಲಿನಲ್ಲಿ ಕೂತು ಬರಬೇಕು.

ಹಾಗಾದರೆ ಅರೇನಾದಿಂದ ಗೆದ್ದ ಊರೇ ಇಲ್ಲವೇ?

ಇದೆ. ಅಮೆರಿಕದ ಕಾನ್ಸಾಸ್ ಸಿಟಿಯಲ್ಲಿ 2007ರಲ್ಲಿ ದೊಡ್ಡ ಅರೇನಾ ತೆರೆಯಿತು. ಅಲ್ಲಿ ಆಡಲು ಬ್ಯಾಸ್ಕೆಟ್‌ಬಾಲ್ ಅಥವಾ ಐಸ್ ಹಾಕಿಯ ಪ್ರಮುಖ ಲೀಗ್ ತಂಡ ಬರಲೇ ಇಲ್ಲ. ಆದರೂ ಅದು ಸಂಗೀತ ಕಾರ್ಯಕ್ರಮಗಳ ಬಲದಿಂದಲೇ ನಡೆಯಿತು. ಪಂದ್ಯಗಳಿಗೆಂದು ದಿನ ಕಾದಿರಿಸಬೇಕಿಲ್ಲದ್ದರಿಂದ ಪ್ರವಾಸದ ತಂಡಗಳಿಗೆ ಕೇಳಿದ ದಿನ ಕೊಡುವುದು ಸುಲಭವಾಯಿತು. ಆ ನಗರ ಪ್ರದೇಶದಲ್ಲಿ 20 ಲಕ್ಷದಷ್ಟು ಜನರಿದ್ದಾರೆ, ಟಿಕೆಟ್ ಕೊಳ್ಳುವ ರೂಢಿ ಹಳೆಯದು. 2011ರ ಜನಗಣತಿಯಲ್ಲಿ ಹುಬ್ಬಳ್ಳಿ-ಧಾರವಾಡದ ಜನಸಂಖ್ಯೆ 9.43 ಲಕ್ಷ. ಆ ಊರಿನಿಂದ ನಾವು ಕಲಿಯಬೇಕಾದದ್ದು ಕಟ್ಟಡದ ಗಾತ್ರವನ್ನಲ್ಲ, ದಿನಗಳನ್ನು ಖಾಲಿ ಇಟ್ಟುಕೊಳ್ಳುವ ಪಾಠವನ್ನು.

ಉತ್ಸವಗಳಲ್ಲಿ ನೆಲ ಕಾಣದಷ್ಟು ಜನ ಸೇರುತ್ತಾರಲ್ಲ, ಅವರೇ ಟಿಕೆಟ್ ಕೊಳ್ಳುವುದಿಲ್ಲವೇ?

ಇದೇ ಅತಿ ಹೆಚ್ಚು ಮೋಸಗೊಳಿಸುವ ಲೆಕ್ಕ. ನಮ್ಮ ಭಾಗದಲ್ಲಿ ಸಂಗೀತ ಎಂದರೆ ಮಠದ ಅಂಗಳ, ಜಾತ್ರೆ, ಪುಣ್ಯತಿಥಿ, ಸರ್ಕಾರಿ ಉತ್ಸವ. ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಹಾಡು ಕೇಳಲು ಯಾರೂ ದುಡ್ಡು ಕೇಳುವುದಿಲ್ಲ. ಲಕ್ಕುಂಡಿ ಉತ್ಸವದಂಥ ಕಡೆ ಸಿನಿಮಾ ಗಾಯಕರು ಬಂದರೂ ಪ್ರವೇಶ ಉಚಿತ. ಇದು ದೊಡ್ಡ ಸಂಪತ್ತು, ಹಾಗೇ ಉಳಿಯಬೇಕು. ಆದರೆ ಉಚಿತ ಮೈದಾನಕ್ಕೆ ಬಂದವರನ್ನು ತಲೆ ಎಣಿಸಿ ಟಿಕೆಟ್ ಮಾರಾಟದ ಅಂದಾಜು ಮಾಡುವುದು ತಪ್ಪು. ಹೋದ ತಿಂಗಳು ಉಚಿತವಾಗಿ ಕೇಳಿದ ಗಾಯಕರಿಗೆ ಈ ತಿಂಗಳು 900 ರೂಪಾಯಿ ಕೊಡಿ ಎಂದರೆ ಮಂದಿ ಮುಂದಿನ ಉತ್ಸವಕ್ಕೆ ಕಾಯುತ್ತಾರೆ. ಆಯೋಜಕರು ಇದನ್ನು ಬಲ್ಲರು. ಅದಕ್ಕೇ ಅವರು ಕೇಳುವ ಮೊದಲ ಪ್ರಶ್ನೆ, ಈ ಊರಲ್ಲಿ ಈಚೆಗೆ ಟಿಕೆಟ್ ಇಟ್ಟ ಕಾರ್ಯಕ್ರಮಕ್ಕೆ ಎಷ್ಟು ಮಾರಾಟವಾಗಿತ್ತು ಎಂಬುದು.

ಅರೇನಾ ಇದ್ದರೆ ಆಯೋಜಕರಿಗೆ ಎಷ್ಟು ಉಳಿತಾಯ? ಅಂಕಿ ಇಟ್ಟು ತೋರಿಸಿ.

ಕೆಳಗಿನ ಮೊತ್ತಗಳು ಲೆಕ್ಕದ ದಾರಿ ತೋರಿಸಲು ಇಟ್ಟುಕೊಂಡವು, ನಿಮ್ಮ ಕಾರ್ಯಕ್ರಮದ ಅಂಕಿ ಹಾಕಿ ನೋಡಿ. 4,000 ಆಸನ, 70 ಶೇಕಡಾ ಭರ್ತಿ, ಅಂದರೆ 2,800 ಟಿಕೆಟ್. ಸರಾಸರಿ 900 ರೂಪಾಯಿ. ಒಟ್ಟು 25.2 ಲಕ್ಷ. 500 ರೂಪಾಯಿ ದಾಟಿದ ಸಂಗೀತ ಕಾರ್ಯಕ್ರಮದ ಟಿಕೆಟ್‌ಗೆ 18 ಶೇಕಡಾ ಜಿಎಸ್‌ಟಿ. ಅದನ್ನು ತೆಗೆದರೆ 21.36 ಲಕ್ಷ. ಟಿಕೆಟ್ ಮಾರುವ ಆ್ಯಪ್‌ಗೆ 8 ಶೇಕಡಾ ಎಂದುಕೊಂಡರೆ ಕೈಗೆ 19.65 ಲಕ್ಷ.

ಖರ್ಚು: ಧ್ವನಿ, ಬೆಳಕು, ಎಲ್‌ಇಡಿ ಪರದೆಗೆ 5 ಲಕ್ಷ. ಅರೇನಾ ಬಾಡಿಗೆ 3. ಪ್ರಚಾರ 2.5. ಪ್ರಯಾಣ-ವಸತಿ 1.5. ಭದ್ರತೆ, ಪರವಾನಗಿ, ವಿಮೆ, ಆಂಬುಲೆನ್ಸ್ 1.5. ಒಟ್ಟು 13.5 ಲಕ್ಷ. ಉಳಿದದ್ದು 6.15 ಲಕ್ಷ. ಕಲಾವಿದರ ಸಂಭಾವನೆ, ಆಯೋಜಕರ ಲಾಭ ಎರಡೂ ಇದರಲ್ಲೇ ಬರಬೇಕು.

ಇದೇ ಕಾರ್ಯಕ್ರಮ ಬಯಲಲ್ಲಾದರೆ ಬಾಡಿಗೆ 1 ಲಕ್ಷಕ್ಕೆ ಇಳಿಯಬಹುದು. ಆದರೆ ಚಾವಣಿ ಸಹಿತ ವೇದಿಕೆ, ಸುತ್ತ ತಗಡಿನ ಬೇಲಿ, ಬ್ಯಾರಿಕೇಡ್, ಕುರ್ಚಿ, ಜನರೇಟರ್, ತಾತ್ಕಾಲಿಕ ಶೌಚಾಲಯ ಸೇರಿ 6 ಲಕ್ಷ ಹೆಚ್ಚಿಗೆ. ಉಳಿಯುವುದು 2.15 ಲಕ್ಷ. ಕಟ್ಟಡ ತಂದ ಉಳಿತಾಯ 4 ಲಕ್ಷ ಎಂದಾಯಿತು.

ಈಗ ಬಯಲಲ್ಲೇ 70ರ ಬದಲು 90 ಶೇಕಡಾ ಟಿಕೆಟ್ ಮಾರಿ ನೋಡಿ. ಹೆಚ್ಚಿಗೆ ಬಂದ 800 ಟಿಕೆಟ್‌ನಿಂದ, ತೆರಿಗೆ ಮತ್ತು ಕಮಿಷನ್ ಕಳೆದು, 5.6 ಲಕ್ಷ ಕೈಗೆ ಬರುತ್ತದೆ. ಕೋಟಿಗಟ್ಟಲೆ ಸುರಿದು ಕಟ್ಟಿದ ಕಟ್ಟಡ ಉಳಿಸಿದ್ದಕ್ಕಿಂತ 800 ಕೇಳುಗರು ತಂದದ್ದು ಹೆಚ್ಚು.

ಕಟ್ಟುವುದೇ ಆದರೆ ಎಷ್ಟು ದೊಡ್ಡದಿರಬೇಕು?

ನಮ್ಮ ಅಭಿಪ್ರಾಯದಲ್ಲಿ ಮೊದಲು 2,000ದಿಂದ 2,500 ಮಂದಿಯದು, ಚಪ್ಪಟೆ ನೆಲ, ಹಿಂದಕ್ಕೆ ಸರಿಸಿ ಮಡಚುವ ಮೆಟ್ಟಿಲು ಆಸನ, ನಿಂತು ನೋಡುವ ಕಾರ್ಯಕ್ರಮಕ್ಕೆ 4,000 ತನಕ ಹಿಗ್ಗುವಂಥದ್ದು. ನಿಂತು ನೋಡುವಲ್ಲಿ ಒಂದು ಚದರ ಮೀಟರ್‌ಗೆ ಇಬ್ಬರಿಗಿಂತ ಹೆಚ್ಚು ಲೆಕ್ಕ ಹಾಕಬೇಡಿ. 10,000 ಆಸನದ ಅರೇನಾದಲ್ಲಿ 2,000 ಮಂದಿ ಕೂತರೆ ಹಾಡುವವರಿಗೂ ಕೇಳುವವರಿಗೂ ಉತ್ಸಾಹ ಬತ್ತುತ್ತದೆ, ಹವಾನಿಯಂತ್ರಣದ ಬಿಲ್ಲು ಮಾತ್ರ ಪೂರ್ತಿ ಬರುತ್ತದೆ.

ಕಬಡ್ಡಿ, ಬ್ಯಾಡ್ಮಿಂಟನ್‌ಗೆ ಕಟ್ಟಿದ ಒಳಾಂಗಣ ಕ್ರೀಡಾಂಗಣವನ್ನೇ ಬಳಸಿದರೆ?

ಬಳಸಬಹುದು, ಮಾತು ಮತ್ತು ಹಾಡು ಕಲಸಿದ ಗದ್ದಲವಾಗಿ ಕೇಳಿಸಿದರೆ ಆಶ್ಚರ್ಯಪಡಬೇಡಿ. ಪತ್ರಾಸ್ ಚಾವಣಿ, ಗಿಲಾಯಿ ಗೋಡೆ, ಗಟ್ಟಿ ನೆಲ ಮೂರೂ ಧ್ವನಿಯನ್ನು ಹೀರುವುದಿಲ್ಲ, ಮರಳಿ ಎಸೆಯುತ್ತವೆ. ಧ್ವನಿ ಆರಲು ಹಿಡಿಯುವ ಹೊತ್ತನ್ನು ಅನುರಣನ ಕಾಲ ಎನ್ನುತ್ತೇವೆ. ಅದರ ಸೂತ್ರ ಸರಳ: ಕೋಣೆಯ ಘನ ಅಳತೆಯನ್ನು 0.161ರಿಂದ ಗುಣಿಸಿ, ಧ್ವನಿ ಹೀರುವ ಮೇಲ್ಮೈಯಿಂದ ಭಾಗಿಸುವುದು.

60 ಮೀಟರ್ ಉದ್ದ, 45 ಅಗಲ, 15 ಎತ್ತರದ ಸಭಾಂಗಣ ಎಂದುಕೊಳ್ಳಿ. 40,500 ಘನ ಮೀಟರ್. ಬರಿ ಕ್ರೀಡಾಂಗಣದಲ್ಲಿ ಅನುರಣನ 4 ಸೆಕೆಂಡ್ ಇದ್ದರೆ ಹೀರುವ ಮೇಲ್ಮೈ ಸುಮಾರು 1,630 ಚದರ ಮೀಟರ್ ಎಂದರ್ಥ. ಮೈಕಿನ ಸಂಗೀತಕ್ಕೆ ಬೇಕಾದ 1.5 ಸೆಕೆಂಡ್‌ಗೆ ಇಳಿಸಲು 4,350 ಬೇಕು. ಕೊರತೆ 2,700ಕ್ಕೂ ಹೆಚ್ಚು. ಮಂದಿ ತುಂಬಿದರೆ ಸ್ವಲ್ಪ ಹೀರುತ್ತಾರೆ, ಆದರೆ ಡೋಲು, ಬೇಸ್ ಗಿಟಾರಿನ ಮಂದ್ರ ಧ್ವನಿಯನ್ನು ಮಂದಿಯ ಬಟ್ಟೆ ತಡೆಯುವುದಿಲ್ಲ. ಪರಿಹಾರ ಒಂದೇ: ಇಡೀ ಚಾವಣಿಯ ಒಳಮೈಗೆ ತೂತು ತಗಡು, ಅದರ ಮೇಲೆ 100 ಮಿ.ಮೀ. ಗಾಜಿನ ಉಣ್ಣೆ. ಈ ಪದರ ಮಳೆಯ ಸದ್ದನ್ನೂ ತಗ್ಗಿಸುತ್ತದೆ. ಜುಲೈ ಮಳೆ ಬರಿ ಪತ್ರಾಸ್ ಮೇಲೆ ಬಿದ್ದಾಗ ಏನಾಗುತ್ತದೆಂದು ಧಾರವಾಡದವರಿಗೆ ಹೇಳಬೇಕಿಲ್ಲ.

ವೇದಿಕೆಯ ಎದುರಿನ ಹಿಂಗೋಡೆಯನ್ನು ಮರೆಯಬೇಡಿ. 60 ಮೀಟರ್ ಹೋಗಿ ಮರಳುವ ಧ್ವನಿಗೆ 0.35 ಸೆಕೆಂಡ್ ಹಿಡಿಯುತ್ತದೆ. ಹಾಡುವವರಿಗೆ ತಮ್ಮದೇ ತಾಳ ತಡವಾಗಿ ಕೇಳಿಸುತ್ತದೆ, ಲಯ ತಪ್ಪುವುದು ಅಲ್ಲಿಂದಲೇ. ಆ ಗೋಡೆಗೆ ದಪ್ಪ ಹೀರು-ಪದರ ಕಡ್ಡಾಯ.

ಚಾವಣಿಗೆ ಸ್ಪೀಕರ್, ಲೈಟ್ ತೂಗುಹಾಕುವುದು ಅಷ್ಟು ದೊಡ್ಡ ವಿಷಯವೇ?

ಪ್ರವಾಸದ ತಂಡಗಳು ಸಭಾಂಗಣವನ್ನು ಒಪ್ಪುವುದೂ ಬಿಡುವುದೂ ಬಹುಮಟ್ಟಿಗೆ ಇದರ ಮೇಲೆ. ಒಂದರ ಕೆಳಗೊಂದು ತೂಗಿಸುವ, ಒಂದು ಬದಿಯ ಲೈನ್ ಅರೇ ಸ್ಪೀಕರ್ ಸಾಲು 1 ಟನ್ ಮುಟ್ಟುತ್ತದೆ. 10 ಮೀಟರ್ ಅಗಲ, 4 ಮೀಟರ್ ಎತ್ತರದ ಎಲ್‌ಇಡಿ ಪರದೆ ಇನ್ನೊಂದು ಟನ್ ದಾಟುತ್ತದೆ. ಲೈಟ್ ಹೊರುವ ಲೋಹದ ಚೌಕಟ್ಟುಗಳು (ಟ್ರಸ್) 3-4 ಟನ್. ಮಧ್ಯಮ ಕಾರ್ಯಕ್ರಮವೇ 8ರಿಂದ 10 ಟನ್ ತೂಗುತ್ತದೆ. ಕ್ರೀಡಾಂಗಣದ ಚಾವಣಿಯನ್ನು ಬಹುಮಟ್ಟಿಗೆ ಸ್ವಂತ ಭಾರ ಮತ್ತು ಗಾಳಿಯ ಲೆಕ್ಕಕ್ಕೆ ಕಟ್ಟಿರುತ್ತಾರೆ, ಅದಕ್ಕೆ ಟನ್‌ಗಟ್ಟಲೆ ತೂಗುಹಾಕುವುದು ಪ್ರಾಣಾಪಾಯ. ನಕ್ಷೆಯ ಹಂತದಲ್ಲೇ ವೇದಿಕೆಯ ಮೇಲೆ 20ರಿಂದ 25 ಟನ್‌ಗೆ ಉಕ್ಕಿನ ಜಾಲ, ಪ್ರತಿ ತೂಗುಬಿಂದುವಿಗೆ 1 ಟನ್, ನೆಲದಿಂದ ಜಾಲಕ್ಕೆ ಕನಿಷ್ಠ 12 ಮೀಟರ್ ಎಂದು ಬರೆಸಿ. ಪ್ರತಿ ಬಿಂದುವಿನ ಭಾರವನ್ನು ರಚನಾ ಎಂಜಿನಿಯರ್ ಸಹಿ ಮಾಡಿದ ನಕ್ಷೆಯಲ್ಲಿ ಇಟ್ಟು, ಕೇಳಿದ ತಂಡಕ್ಕೆ ಅದೇ ದಿನ ಕಳಿಸುವಂತಿರಬೇಕು. ಕಟ್ಟಿದ ಮೇಲೆ ಸೇರಿಸುತ್ತೇವೆ ಎಂದರೆ ಚಾವಣಿ ಬಿಚ್ಚಬೇಕಾದೀತು.

ಲಾರಿ, ವಿದ್ಯುತ್ ವ್ಯವಸ್ಥೆ ಹೇಗಿರಬೇಕು?

ಲಾರಿ ಹಿಂಬದಿಗೆ ಬಂದು ನಿಂತರೆ ಅದರ ನೆಲ ಮತ್ತು ಕಟ್ಟಡದ ಕಟ್ಟೆ ಒಂದೇ ಮಟ್ಟಕ್ಕೆ ಬರಬೇಕು, ಸುಮಾರು 1.2 ಮೀಟರ್. ಬಾಗಿಲು 4.5 ಮೀಟರ್ ಅಗಲ, ಅಷ್ಟೇ ಎತ್ತರ. ಅಲ್ಲಿಂದ ವೇದಿಕೆ ತನಕ ಒಂದೂ ಮೆಟ್ಟಿಲಿಲ್ಲದ ದಾರಿ. ಹೀಗಿದ್ದರೆ 25 ಹಮಾಲರು ಐದಾರು ಗಂಟೆಯಲ್ಲಿ ಕೆಲಸ ಮುಗಿಸುತ್ತಾರೆ. ನಡುವೆ ಹತ್ತು ಮೆಟ್ಟಿಲು ಬಂದರೆ ಚಕ್ರದ ಪೆಟ್ಟಿಗೆಗಳನ್ನೆಲ್ಲ ಎತ್ತಿ ಸಾಗಿಸಬೇಕು, ಹೊತ್ತು ಇಮ್ಮಡಿಯಾಗುತ್ತದೆ, ಸೊಂಟ ಉಳುಕುತ್ತದೆ.

ವಿದ್ಯುತ್ತಿಗೆ ಹೆಸ್ಕಾಂನಿಂದ ಎಚ್‌ಟಿ (ಅಧಿಕ ಒತ್ತಡದ) ಸಂಪರ್ಕ, ಸ್ವಂತ ಟ್ರಾನ್ಸ್‌ಫಾರ್ಮರ್. ಬೆಳಕು ಮತ್ತು ಪರದೆಗೆ 250 ಕೆವಿಎ, ಧ್ವನಿಗೆ ಬೇರೆಯೇ 125 ಕೆವಿಎ, ಎರಡಕ್ಕೂ ಜನರೇಟರ್ ಬೆಂಬಲ. ಬೆಳಕು ಏರಿಳಿಸುವ ಡಿಮ್ಮರ್, ಧ್ವನಿ ಎರಡನ್ನೂ ಒಂದೇ ಸಾಲಿಗೆ ಕೊಟ್ಟರೆ ಸ್ಪೀಕರ್‌ನಲ್ಲಿ ಗುಂಯ್ ಎನ್ನುವ ಸದ್ದು ಇಡೀ ರಾತ್ರಿ ಬಿಡದು. ಅರ್ಥಿಂಗ್ ಕೂಡ ಬೇರೆ ಬೇರೆ ಅಳೆದು ಪರೀಕ್ಷಿಸಬೇಕು.

ಹಿಂದೂಸ್ತಾನಿ ಸಂಗೀತಕ್ಕೆ ಅರೇನಾದಿಂದ ಲಾಭವಿದೆಯೇ?

ಇಲ್ಲವೆಂದೇ ಹೇಳಬೇಕು. ಮಲ್ಲಿಕಾರ್ಜುನ ಮನ್ಸೂರ, ಗಂಗೂಬಾಯಿ ಹಾನಗಲ್, ಬಸವರಾಜ ರಾಜಗುರು ಅವರ ಊರಿನಲ್ಲಿ ಈ ಪ್ರಶ್ನೆಗೆ ಹಾರಿಕೆಯ ಉತ್ತರ ಸಲ್ಲದು. ತಾನ್ಪುರದ ನಾದ, ವಿಲಂಬಿತದ ಮೊದಲ ಆಲಾಪ ಕೇಳಬೇಕಾದರೆ ಸಭಾಂಗಣದ ಹಿನ್ನೆಲೆ ಸದ್ದು 30 ಡೆಸಿಬಲ್ ಒಳಗಿರಬೇಕು. ಅರೇನಾದ ಹವಾನಿಯಂತ್ರಣವೇ 45ರ ಸುತ್ತ ಗುನುಗುತ್ತದೆ. ಆ ಸಂಗೀತಕ್ಕೆ ಬೇಕಾದದ್ದು 300ರಿಂದ 800 ಆಸನದ ಸದ್ದಿಲ್ಲದ ಸಭಾಂಗಣ, ಒಳ್ಳೆಯ ಮೈಕು, ಸರಿಯಾಗಿ ಶ್ರುತಿ ಹೊಂದಿಸಲು ಹಿಂದಿನ ಕೋಣೆ. ಅರೇನಾಕ್ಕೆ ಮೀಸಲಿಡುವ ಹಣದ ಸಣ್ಣ ಪಾಲಿನಲ್ಲಿ ಈಗಿರುವ ಸಭಾಭವನಗಳ ಹವಾನಿಯಂತ್ರಣ, ಧ್ವನಿ, ಕುರ್ಚಿ ಸರಿಪಡಿಸಿದರೆ ಧಾರವಾಡದ ಕೇಳುಗರಿಗೆ ಆಗುವ ಉಪಕಾರ ಹೆಚ್ಚು.

ದಿನ ಸಿಗದೆ ಕಾರ್ಯಕ್ರಮ ತಪ್ಪುವುದು ಹೇಗೆ?

ಅರೇನಾ ಸಾಲ ತೀರಿಸಲು ವರ್ಷವಿಡೀ ಬಾಡಿಗೆ ಬೇಕು. ವರ್ಷದ ನಿರ್ವಹಣೆ 6 ಕೋಟಿ, ದಿನದ ಬಾಡಿಗೆ 3 ಲಕ್ಷ ಎಂದಿಟ್ಟರೆ 200 ದಿನ ಬಾಡಿಗೆಗೆ ಹೋಗಬೇಕು. ಅಷ್ಟೊಂದು ಸಂಗೀತ ಕಾರ್ಯಕ್ರಮ ಈ ಭಾಗದಲ್ಲಿ ನಡೆಯುವುದಿಲ್ಲ. ಹಾಗಾಗಿ ಮದುವೆ, ವಸ್ತುಪ್ರದರ್ಶನ, ಸಮಾವೇಶಗಳಿಗೆ ಕೊಡುತ್ತಾರೆ. ಮದುವೆಯವರು ಎಂಟು ತಿಂಗಳು ಮೊದಲೇ ಮುಂಗಡ ಕಟ್ಟುತ್ತಾರೆ, ಪ್ರವಾಸದ ತಂಡಗಳು ಮೂರರಿಂದ ಆರು ತಿಂಗಳು ಮೊದಲು ಕೇಳುತ್ತವೆ. ವೈಶಾಖದ ಶನಿವಾರ-ಭಾನುವಾರಗಳೆಲ್ಲ ಅಷ್ಟರಲ್ಲಿ ಹೋಗಿರುತ್ತವೆ. ಹೆಸರು ಅರೇನಾ, ಕೆಲಸ ಮಂಗಲ ಕಾರ್ಯಾಲಯದ್ದು ಎಂಬಂತಾಗುತ್ತದೆ.

ಇದಕ್ಕೆ ಮದ್ದು, ತಿಂಗಳಿಗೆ ಎರಡು ವಾರಾಂತ್ಯಗಳನ್ನು 90 ದಿನ ಮೊದಲಿನ ತನಕ ಸಂಗೀತಕ್ಕೆ ಮಾತ್ರ ಕಾದಿರಿಸುವುದು. ದಿನಾಂಕಗಳಿಗೆ ಮೊದಲ ಹಿಡಿತ, ಎರಡನೆಯ ಹಿಡಿತ ಎಂಬ ಪದ್ಧತಿ ಇರಲಿ. ಮೊದಲು ಕೇಳಿದವರು ಮುಂಗಡವಿಲ್ಲದೆ ದಿನ ಹಿಡಿದಿಡಬಹುದು. ಎರಡನೆಯವರು ಹಣ ಕಟ್ಟಲು ಮುಂದೆ ಬಂದರೆ ಮೊದಲಿನವರಿಗೆ 48 ಗಂಟೆ ಕೊಟ್ಟು, ಖಚಿತಪಡಿಸಿ ಇಲ್ಲವೇ ಬಿಡಿ ಎನ್ನಬೇಕು. ಪ್ರವಾಸದ ಆಯೋಜಕರು ಎಲ್ಲೆಡೆ ಹೀಗೆಯೇ ವ್ಯವಹರಿಸುತ್ತಾರೆ. ಪತ್ರ ಬರೆದು, ಸಮಿತಿ ಕೂತು, ಹದಿನೈದು ದಿನಕ್ಕೆ ಉತ್ತರ ಎಂದರೆ ಅವರು ಬೆಳಗಾವಿಗೋ ಗೋವಾಕ್ಕೋ ಹೋಗಿಬಿಡುತ್ತಾರೆ.

ರಾತ್ರಿ 10ರ ನಿಯಮ ಅರೇನಾಕ್ಕೂ ಅನ್ವಯಿಸುತ್ತದೆಯೇ?

2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಗಿನ 6ರ ತನಕ ಧ್ವನಿವರ್ಧಕ ನಿಷಿದ್ಧ. ಸಭಾಂಗಣದಂಥ ಮುಚ್ಚಿದ ಜಾಗದ ಒಳಗಿನ ಬಳಕೆಗೆ ವಿನಾಯಿತಿ ಇದೆ. ಸಾಂಸ್ಕೃತಿಕ, ಧಾರ್ಮಿಕ ಸಂದರ್ಭಗಳಲ್ಲಿ ರಾಜ್ಯ ಸರ್ಕಾರ ವರ್ಷಕ್ಕೆ 15 ದಿನ ಮೀರದಂತೆ ಮಧ್ಯರಾತ್ರಿ ತನಕ ಸಡಿಲಿಸಬಹುದು. ಆದರೆ ಮುಚ್ಚಿದ ಜಾಗ ಎಂದರೆ ಸದ್ದು ಹೊರಗೆ ಸೋರದಂತಿರಬೇಕು. ವಸತಿ ಪ್ರದೇಶದಲ್ಲಿ ರಾತ್ರಿಯ ಮಿತಿ 45 ಡೆಸಿಬಲ್. ಒಂಟಿ ತಗಡಿನ ಚಾವಣಿ ಮಂದ್ರ ಧ್ವನಿಯನ್ನು ತಡೆಯುವುದೇ ಇಲ್ಲ.

ಜಾಗ ಆರಿಸುವಾಗ ಇದನ್ನು ಮೊದಲು ನೋಡಿ. ಹುಬ್ಬಳ್ಳಿ-ಧಾರವಾಡ ನಡುವಿನ ಹಾದಿ ಚಿಗರಿ ಬಸ್ಸಿನಿಂದ ಅನುಕೂಲವೇ. ಆದರೆ ಆಸ್ಪತ್ರೆ, ಶಿಕ್ಷಣ ಸಂಸ್ಥೆ, ನ್ಯಾಯಾಲಯಗಳ ಸುತ್ತ 100 ಮೀಟರ್ ನಿಶ್ಶಬ್ದ ವಲಯ. ಸತ್ತೂರಿನ ವೈದ್ಯಕೀಯ ಕಾಲೇಜು, ನವನಗರದ ಕ್ಯಾನ್ಸರ್ ಆಸ್ಪತ್ರೆ ಅದೇ ಹಾದಿಯ ಮೇಲಿವೆ. 100 ಮೀಟರ್ ಆಚೆ ಇದ್ದರೂ ರೋಗಿಗಳ ನಿದ್ದೆಯನ್ನು ಲೆಕ್ಕಕ್ಕೆ ಹಿಡಿಯಿರಿ.

4,000 ಮಂದಿ ಒಮ್ಮೆಲೇ ಹೊರಬಂದರೆ?

2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಬಳಿ 11 ಜನ ಪ್ರಾಣ ಕಳೆದುಕೊಂಡದ್ದು ಒಳಗಲ್ಲ, ಗೇಟಿನ ಹೊರಗೆ. ಆದ್ದರಿಂದ ಒಳಗಿನ ಆಸನದಷ್ಟೇ ಹೊರಗಿನ ಅಂಗಳವನ್ನೂ ಲೆಕ್ಕ ಹಾಕಬೇಕು. ಸಮತಟ್ಟಾದ ದಾರಿಯ ಒಂದು ಮೀಟರ್ ಅಗಲದಲ್ಲಿ ನಿಮಿಷಕ್ಕೆ 82 ಮಂದಿ ಹಾಯುತ್ತಾರೆ. 8 ನಿಮಿಷದಲ್ಲಿ 4,000 ಮಂದಿ ಹೊರಬರಲು 6.1 ಮೀಟರ್ ಬೇಕು. ಬೆಂಕಿ ಹೊತ್ತಿದರೆ ಒಂದು ಬಾಗಿಲು ಸಿಗದೆ ಹೋಗಬಹುದು, ಹಾಗಾಗಿ 2 ಮೀಟರ್‌ನ ಐದು ಬಾಗಿಲು, ಬೇರೆ ಬೇರೆ ದಿಕ್ಕಿಗೆ, ಹೊರಕ್ಕೆ ತೆರೆಯುವಂಥವು. ಕಾರ್ಯಕ್ರಮದ ಹೊತ್ತಿನಲ್ಲಿ ಒಂದಕ್ಕೂ ಬೀಗ ಬೀಳಕೂಡದು. ಟಿಕೆಟ್ ಇಲ್ಲದವರು ನುಗ್ಗುತ್ತಾರೆಂದು ಹಿಂಬಾಗಿಲಿಗೆ ಬೀಗ ಜಡಿಯುವ ಅಭ್ಯಾಸವೇ ಎಲ್ಲಕ್ಕಿಂತ ಅಪಾಯದ್ದು.

ಹೆಂಗಸರ ಶೌಚಾಲಯವನ್ನು ನಕ್ಷೆಕಾರರು ಯಾವಾಗಲೂ ಕಡಿಮೆ ಎಣಿಸುತ್ತಾರೆ. 1,800 ಹೆಂಗಸರಲ್ಲಿ ಕಾಲುಭಾಗ ಮಧ್ಯಂತರದಲ್ಲಿ ಹೋದರೂ 450 ಮಂದಿ. ಒಬ್ಬರಿಗೆ 2 ನಿಮಿಷ, ಬಿಡುವು 20 ನಿಮಿಷ. 45 ಕೋಣೆ ಬೇಕು.

ವಾಹನ ನಿಲುಗಡೆಗೆ 400 ಕಾರು, 1,200 ಬೈಕ್ ಎಂದು ಹಿಡಿದರೆ ಓಡಾಟದ ದಾರಿ ಸೇರಿ ಸುಮಾರು 3 ಎಕರೆ 15 ಗುಂಟೆ. ಬಸ್ಸಿನವರಿಗಾಗಿ ವಾಯವ್ಯ ಸಾರಿಗೆ ಸಂಸ್ಥೆಗೆ ಮೊದಲೇ ಪತ್ರ ಕೊಟ್ಟು, ಕಾರ್ಯಕ್ರಮ ಮುಗಿದ ಮೇಲಿನ ವಿಶೇಷ ಬಸ್ಸುಗಳ ಹೊತ್ತನ್ನು ಟಿಕೆಟ್ ಮೇಲೆಯೇ ಅಚ್ಚು ಹಾಕಿಸಿ. ಮನೆಗೆ ಮರಳುವ ಖಾತ್ರಿ ಇಲ್ಲದಿದ್ದರೆ ಧಾರವಾಡದ ವಿದ್ಯಾರ್ಥಿನಿಯರು ಟಿಕೆಟ್ ಕೊಳ್ಳುವುದಿಲ್ಲ.

ಗದಗ, ಹಾವೇರಿಯಲ್ಲೂ ಅರೇನಾ ಬೇಕೇ?

ಬೇಡ. ಎರಡೂ ಊರು ಹುಬ್ಬಳ್ಳಿಯಿಂದ ಒಂದು-ಒಂದೂವರೆ ತಾಸಿನ ಹಾದಿ. ಹುಬ್ಬಳ್ಳಿಯ ದೊಡ್ಡ ಕಾರ್ಯಕ್ರಮಕ್ಕೆ ಆ ಊರುಗಳ ಕೇಳುಗರನ್ನು ಬಸ್ಸಿನ ಸಹಿತ ಟಿಕೆಟ್ ಕೊಟ್ಟು ಕರೆದರೆ ಮೂರು ಜಿಲ್ಲೆ ಸೇರಿ ಒಂದು ಮಾರುಕಟ್ಟೆಯಾಗುತ್ತದೆ. ಅಲ್ಲಿ ಬೇಕಾದದ್ದು 500 ಆಸನದ ಒಳ್ಳೆಯ ಸಭಾಂಗಣ. ಗದುಗಿನಲ್ಲಿ ಪುಣ್ಯಾಶ್ರಮದ ಗಾಯಕ-ವಾದಕರು, ಹಾವೇರಿ ಜಿಲ್ಲೆಯಲ್ಲಿ ಗೊಟಗೋಡಿಯ ಜಾನಪದ ವಿಶ್ವವಿದ್ಯಾಲಯದ ಕಲಾವಿದರು ಇದ್ದಾರೆ. ಕೊರತೆ ವೇದಿಕೆಯದು.

ಪರವಾನಗಿಗಳು ಯಾವುವು?

ಅವಳಿ ನಗರದಲ್ಲಿ ಪೊಲೀಸ್ ಕಮಿಷನರ್ ಕಚೇರಿ, ಗದಗ-ಹಾವೇರಿಯಲ್ಲಿ ಜಿಲ್ಲಾಡಳಿತ ಮತ್ತು ಎಸ್‌ಪಿ ಕಚೇರಿ. ಅಗ್ನಿಶಾಮಕ ಇಲಾಖೆ, ವಿದ್ಯುತ್ ಪರಿವೀಕ್ಷಣಾಲಯ, ಮಹಾನಗರ ಪಾಲಿಕೆ, ಹಾಡುಗಳ ಹಕ್ಕಿಗೆ ಐಪಿಆರ್‌ಎಸ್, ಮುದ್ರಿತ ಹಾಡು ಹಾಕಿದರೆ ಪಿಪಿಎಲ್. ತಿಂಡಿ ಅಂಗಡಿಗಳಿಗೆ ಆಹಾರ ಸುರಕ್ಷತೆಯ ನೋಂದಣಿ. ಬಯಲಿನಲ್ಲಿ ಪ್ರತಿ ಸಲ ಎಲ್ಲವೂ ಹೊಸದಾಗಿ. ಅರೇನಾದಲ್ಲಿ ಕಟ್ಟಡದ ಅಗ್ನಿ ಮತ್ತು ವಿದ್ಯುತ್ ಪ್ರಮಾಣಪತ್ರಗಳು ಮೊದಲೇ ಇರುವುದರಿಂದ ಓಡಾಟ ಅರ್ಧಕ್ಕೆ ಇಳಿಯುತ್ತದೆ.

ಕಟ್ಟುವ ಮೊದಲು ಊರನ್ನು ಪರೀಕ್ಷಿಸುವ ದಾರಿ ಇದೆಯೇ?

ಇದೆ, ಎರಡು ಚಳಿಗಾಲ ಸಾಕು. ನವೆಂಬರ್‌ನಿಂದ ಫೆಬ್ರುವರಿ ಮೊದಲ ವಾರದ ತನಕ ಒಂದೇ ಮೈದಾನದಲ್ಲಿ ಆರು ಟಿಕೆಟ್ ಕಾರ್ಯಕ್ರಮ. ಮೂರು ಕಾರ್ಯಕ್ರಮ ವಾರಾಂತ್ಯದಲ್ಲಿ, ಇನ್ನು ಮೂರು ಕಾರ್ಯಕ್ರಮ ವಾರದ ನಡುವಿನ ದಿನಗಳಲ್ಲಿ. ಟಿಕೆಟ್ ದರ 300, 500, 900 ಎಂದು ಮೂರು ಹಂತ. ಉಚಿತ ಪಾಸ್ 5 ಶೇಕಡಾ ದಾಟಬಾರದು. ಪಾಸ್ ಹಂಚಿಕೆ ಸಡಿಲವಾದರೆ ಪರೀಕ್ಷೆಯೇ ಕೆಡುತ್ತದೆ, ಕೊಳ್ಳಬಲ್ಲವರೆಲ್ಲ ಪಾಸ್ ಕೇಳಲು ನಿಲ್ಲುತ್ತಾರೆ. ಪ್ರತಿ ಟಿಕೆಟ್‌ನ ಪಿನ್‌ಕೋಡ್, ಕೊಂಡ ದಿನ, ದರ ದಾಖಲಿಸಿ. ಗದಗ, ಹಾವೇರಿ, ಬೆಳಗಾವಿಯಿಂದ ಎಷ್ಟು ಮಂದಿ ಬಂದರು, ವಾರದ ನಡುವೆ ಎಷ್ಟು ಇಳಿಯಿತು, 900ರ ಆಸನ ಮೊದಲು ಹೋದವೋ ಕೊನೆಗೋ ಎಂಬುದು ಆಗ ಕಣ್ಣಿಗೆ ಕಾಣುತ್ತದೆ. ಎರಡನೆಯ ಚಳಿಗಾಲದಲ್ಲಿ ವಾರದ ನಡುವೆಯೂ 2,000 ಟಿಕೆಟ್ ಮಾರಾಟವಾದರೆ ಅರೇನಾದ ನಕ್ಷೆ ಬರೆಸಬಹುದು. 700ಕ್ಕೆ ನಿಂತರೆ ಆ ಹಣವನ್ನು ಸಭಾಭವನಗಳ ದುರಸ್ತಿಗೆ ಕೊಡಿ.

ಕಟ್ಟಡ ಮುಗಿದ ಎಷ್ಟು ದಿನಕ್ಕೆ ಮೊದಲ ಟಿಕೆಟ್ ಮಾರಬಹುದು?

ಪ್ರಮಾಣಪತ್ರಗಳು ಕೈಗೆ ಬರುವ ಮುನ್ನ ಬೇಡವೇ ಬೇಡ. ಇಂಗ್ಲೆಂಡಿನ ಮ್ಯಾಂಚೆಸ್ಟರ್‌ನಲ್ಲಿ ಕೋ-ಆಪ್ ಲೈವ್ ಅರೇನಾ 2024ರ ಏಪ್ರಿಲ್‌ನಲ್ಲಿ ತೆರೆಯಬೇಕಿತ್ತು. ಕೆಲಸ ಮುಗಿಯದೆ ಕಾರ್ಯಕ್ರಮಗಳು ಮುಂದೆ ಹೋದವು. ಮೇ 1ರಂದು, ಮಂದಿ ಬಾಗಿಲಲ್ಲಿ ಕಾಯುತ್ತಿದ್ದಾಗ, ಚಾವಣಿಯ ಗಾಳಿ ವ್ಯವಸ್ಥೆಯ ಒಂದು ಭಾಗ ಒಳಗೆ ಕೆಳಕ್ಕೆ ಬಿತ್ತು. ಕೊನೆಗೆ ಅರೇನಾ ತೆರೆದದ್ದು ಮೇ 14ರಂದು. ಅನುಭವಿಗಳು ಕಟ್ಟಿದ ಕಡೆಯೇ ಹೀಗಾದರೆ ನಾವು ಮೂರು ತಿಂಗಳು ಇಟ್ಟುಕೊಳ್ಳಬೇಕು. ಮೊದಲ ತಿಂಗಳು ಮಂದಿಯಿಲ್ಲದೆ ತೂಗುಭಾರ, ವಿದ್ಯುತ್, ಅನುರಣನದ ಅಳತೆ. ಎರಡನೆಯ ತಿಂಗಳು ಕಾಲೇಜು ವಿದ್ಯಾರ್ಥಿಗಳನ್ನು ಕರೆದು 500 ಮಂದಿಯ, ಆಮೇಲೆ 1,500 ಮಂದಿಯ ಉಚಿತ ಕಾರ್ಯಕ್ರಮ, ನಡುವೆ ಒಮ್ಮೆ ಬೇಕೆಂದೇ ವಿದ್ಯುತ್ ತೆಗೆದು ತುರ್ತು ದೀಪ, ಬಾಗಿಲುಗಳ ಪರೀಕ್ಷೆ. ಮೂರನೆಯದು ಕಂಡ ದೋಷ ತಿದ್ದಲು. ಮೊದಲ ಟಿಕೆಟ್ ಕಾರ್ಯಕ್ರಮಕ್ಕೆ ಆಸನಗಳಲ್ಲಿ 60 ಶೇಕಡಾ ಮಾತ್ರ ಮಾರಿ.